ಅಪ್ಪ ಮಲಗಿದಷ್ಟು ಉದ್ದ

ಕಾಲು ತಾಗಿತ್ತೋ, ತಾಗಿದ ಹಾಗೆ ಕಂಡಿತ್ತೋ? ಅಪ್ಪನ ಪಾದಗಳೆರಡೂ ಪಿಕಪ್ಪಿನ ಹಿಂಬಾಗಿಲಿಗೆ ಒತ್ತಿಕೊಂಡಿದ್ದವು, ಅದರಲ್ಲಿ ಅನುಮಾನವಿಲ್ಲ. ಒಂದು ಪಾದವನ್ನು ಅವನೇ ಬೆರಳಿನಿಂದ ಮುಟ್ಟಿ ನೋಡಿದ್ದ. ಆದರೆ ತಲೆ? ತಲೆಯ ಕಡೆ ನೆರಳಿತ್ತು. ಮುಂದಿನ ಕ್ಯಾಬಿನ್ನಿನ ನೆರಳೇ ಇರಬೇಕು. ಕಪ್ಪಗೆ, ದಪ್ಪಗೆ, ಅಪ್ಪನ ಕಿವಿಯವರೆಗೂ ಬಂದಿತ್ತು. ಆ ನೆರಳಿನ ಹಿಂದೆ ತಗಡು ಇದ್ದಿರಲೇಬೇಕು. ಇಲ್ಲದಿದ್ದರೆ ಅಪ್ಪ ಅಳತೆ ಕೊಟ್ಟು ಹೊಲಿಸಿದ ಅಂಗಿಯೊಳಗೆ ಇದ್ದ ಹಾಗೆ ಆ ಜಾಗದಲ್ಲಿ ಹೇಗೆ ಹೊಂದಿಕೊಂಡಿದ್ದ? ಇರಲೇಬೇಕು ಎನ್ನುವುದು ನೆನಪೋ, ವಾದವೋ?

"ಮತ್ತೆ ಅಳೀತಿದ್ದೀಯೇನೋ?" ಎಂದ ಅಣ್ಣ, ತೆರೆದ ಬಾನೆಟ್ಟಿನೊಳಗಿಂದ ತಲೆ ಎತ್ತದೆ.

"ಏನನ್ನ?"

"ಅಪ್ಪನ್ನ."

ಅವನು ತೊಡೆಯ ಮೇಲಿದ್ದ ಮರದ ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ತಣ್ಣಗಾಗಿದ್ದ ಚಹಾ ಕುಡಿದ.

ಶೆಡ್ಡು ಒಂದೇ, ಕೆಲಸ ಎರಡು. ರಸ್ತೆಯ ಕಡೆಯ ಅರ್ಧದಲ್ಲಿ ಅಣ್ಣ ಎಂಜಿನ್ ಬಿಚ್ಚುತ್ತಾನೆ. ಒಳಗಿನ ಅರ್ಧದಲ್ಲಿ ತಮ್ಮ ನಜ್ಜುಗುಜ್ಜಾದ ತಗಡನ್ನು ಬಡಿದು ನೇರ ಮಾಡುತ್ತಾನೆ. ನಡುವೆ ಗೋಡೆಯಿಲ್ಲ. ನೆಲದಲ್ಲಿ ಎಣ್ಣೆಯ ಕಪ್ಪು ಎಲ್ಲಿ ಮುಗಿದು ತುಕ್ಕಿನ ಕೆಂಪು ಶುರುವಾಗುತ್ತದೋ ಅದೇ ಗಡಿ. ಗಿರಾಕಿಗಳ ಜೊತೆ ಮಾತೆಲ್ಲ ಅಣ್ಣನದು. "ಅವನ ಮಾತೂ ನಾನೇ ಆಡಿಬಿಡ್ತೀನಿ, ಅವನಿಗೆ ತಗಡಿನ ಸದ್ದೇ ಸಾಕು," ಎಂದು ಅಣ್ಣ ಎಲ್ಲರಿಗೂ ಹೇಳುತ್ತಿದ್ದ. ಅದು ತಮಾಷೆಯೂ ಹೌದು, ನಿಜವೂ ಹೌದು.

ಅವರ ಅಪ್ಪ ಮರಗೆಲಸದ ಕಾರ್ಖಾನೆಯೊಂದರ ಪಿಕಪ್ ಓಡಿಸುತ್ತಿದ್ದ. ಹೊಸದಾಗಿ ಏಳುತ್ತಿದ್ದ ಮನೆಗಳಿಗೆ ಬಾಗಿಲು, ಕಿಟಕಿ ಸಾಗಿಸುವ ಕೆಲಸ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಮೀಸೆ ಚಿಗುರುವ ವಯಸ್ಸು, ತಮ್ಮನಿಗೆ ಇನ್ನೂ ಹಾಲುಹಲ್ಲು. ಪಿಕಪ್ ಕೈ ಬದಲಾಗಿ, ಊರು ಬದಲಾಗಿ, ಕೊನೆಗೆ ಎಲ್ಲೋ ಕುಲುಮೆಯಲ್ಲಿ ಕರಗಿಯೂ ಹೋಗಿತ್ತು. ಈಗ ಅಣ್ಣನ ಮೀಸೆ ನರೆಯುವ ಹೊತ್ತಿಗೆ ಇಬ್ಬರಿಗೂ ಒಂದು ಹುಚ್ಚು ಹಿಡಿದಿತ್ತು: ಅಂಥದ್ದೇ ಒಂದು ಗಾಡಿ ಹುಡುಕಿ, ಅಪ್ಪನ ಗಾಡಿಯ ಹಾಗೆಯೇ ಮಾಡಿ, ಅಮ್ಮನನ್ನು ಒಂದು ಸಲ ಕೂರಿಸಿಕೊಂಡು ಹೋಗಬೇಕು.

ಬಣ್ಣದ ಬಗ್ಗೆ ಜಗಳವಿರಲಿಲ್ಲ, ಮಸುಕು ಹಸಿರು. ಜಗಳ ಇದ್ದದ್ದು ಹಿಂದಿನ ಬಾಡಿಯ ಉದ್ದಕ್ಕೆ. ಆ ಗಾಡಿ ಎರಡು ಥರದಲ್ಲಿ ಬರುತ್ತಿತ್ತು, ಎಂಟಡಿಯ ಉದ್ದ ಬಾಡಿ ಮತ್ತು ಆರಡಿಯ ಮೋಟು ಬಾಡಿ. ಮುಖ ಎರಡಕ್ಕೂ ಒಂದೇ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅಪ್ಪ ಬಾನೆಟ್ಟಿಗೆ ಒರಗಿ ನಿಂತಿದ್ದಾನೆ. ಫೋಟೋ ತೆಗೆದವನು ಕ್ಯಾಬಿನ್ನಿನ ಹಿಂದಕ್ಕೆ ಗಾಡಿಯೇ ಇಲ್ಲವೇನೋ ಎಂಬಂತೆ ಅಲ್ಲಿಗೇ ನಿಲ್ಲಿಸಿದ್ದಾನೆ. ಅಣ್ಣ ಉದ್ದ ಎಂದ. ತಮ್ಮ ಮೋಟು ಎಂದ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

"ಬಾಗಿಲು ಸಾಗಿಸೋ ಗಾಡಿ ಕಣೋ," ಎನ್ನುತ್ತಿದ್ದ ಅಣ್ಣ, ಊಟಕ್ಕೆ ಕೂತಾಗ. "ಬಾಗಿಲು ಏಳಡಿ. ಆರಡೀಲಿ ಏಳಡಿ ಹೇಗೆ ಹಾಕ್ತೀಯಾ, ಮಡಚಿ?"

"ಹಿಂಬಾಗಿಲು ಇಳಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ."

"ಕೆಂಪು ಬಟ್ಟೆ ನೋಡಿದ್ಯಾ ನೀನು?"

"ಇಲ್ಲ."

"ಮತ್ತೆ?"

"ಅಪ್ಪ ಮಲಗಿದ್ದನ್ನ ನೋಡಿದ್ದೀನಿ."

ಮಾತು ಇಲ್ಲಿಗೆ ಬಂದರೆ ಅಣ್ಣ ತಟ್ಟೆ ನೋಡುತ್ತಿದ್ದ. ಅತ್ತಿಗೆ ಮಾತ್ರ ಬಿಡುತ್ತಿರಲಿಲ್ಲ. "ಇಬ್ರೂ ಸೇರಿ ಏಳಡಿ ಮಾಡ್ಕೊಳ್ಳಿ, ರಾಜಿಯಾಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಿಮ್ಮನೇಲಿ ಕಾಲು ನೋಡಿ ಗಾಡಿ ಮಾಡಿಸ್ತೀರಿ."

ಅಮ್ಮನನ್ನು ಕೇಳಿದ್ದೂ ಆಗಿತ್ತು. ಅವಳು ಹಣೆಯ ಮೇಲೆ ಕೈಯಿಟ್ಟು, ದೂರದ ರಸ್ತೆಯೊಂದನ್ನು ನೋಡುವವಳ ಹಾಗೆ ಸ್ವಲ್ಪ ಹೊತ್ತು ಯೋಚಿಸಿ, "ನಾನು ಕೂತಿದ್ದು ಮುಂದೆ, ನಿಮ್ಮಪ್ಪನ ಪಕ್ಕ. ಹಿಂದಕ್ಕೆ ತಿರುಗಿ ನೋಡಿದ್ರೆ ತಾನೇ ನಂಗೆ ಉದ್ದ ಗೊತ್ತಾಗೋದು," ಎಂದಳು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅಣ್ಣನ ಹತ್ತಿರ ಅಪ್ಪ ಬೇಕಾದಷ್ಟಿದ್ದ. ಸೈಕಲ್ ಕಲಿಸಿದ ಅಪ್ಪ, ಬೆಲ್ಟು ಬಿಚ್ಚಿದ ಅಪ್ಪ, ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಗೋಡೆ ನೋಡುತ್ತಾ ಕೂತ ಅಪ್ಪ. ಹೇಳಲು ಶುರುಮಾಡಿದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ತಮ್ಮನ ಹತ್ತಿರ ಇದ್ದದ್ದು ಒಂದು ಮಧ್ಯಾಹ್ನ ಮಾತ್ರ.

ಅದು ನೀರಿನ ತಳಕ್ಕೆ ಬಿದ್ದ ನಾಣ್ಯದ ಹಾಗೆ ಅಲುಗುತ್ತಾ ಒಂದೇ ಕಡೆ ಇರುತ್ತಿತ್ತು. ಉದ್ದನೆಯ ಗೋಡೆ. ಗೋಡೆಯ ಪಕ್ಕ ಪಿಕಪ್. ಅವನ ಕೈಯಲ್ಲಿ ಊಟದ ಡಬ್ಬಿ, ಅದರ ಬಿಸಿ ಹೊಟ್ಟೆಗೆ ತಾಗುತ್ತಿದೆ. ಡಬ್ಬಿಯನ್ನು ನೆಲಕ್ಕಿಟ್ಟು, ಹಿಂದಿನ ಚಕ್ರಕ್ಕೆ ಕಾಲು ಕೊಟ್ಟು ಹತ್ತಿ ಇಣುಕುತ್ತಾನೆ. ಒಳಗೆ ಅಪ್ಪ ನಿದ್ದೆ ಹೋಗಿದ್ದಾನೆ. ಆ ತುದಿಯಲ್ಲಿ, ನೆರಳಿನಲ್ಲಿ, ತಲೆ. ಈ ತುದಿಯಲ್ಲಿ, ಬಿಸಿಲಿನಲ್ಲಿ, ಪಾದ. ಕೂದಲಲ್ಲಿ ಮರದ ಹೊಟ್ಟು ಹೊಳೆಯುತ್ತಿದೆ. ಅವನು ಪಾದ ಮುಟ್ಟುತ್ತಾನೆ. ಅಪ್ಪ ಎದ್ದು ಕೂತು ಅವನನ್ನು ನೋಡಿ ನಗುತ್ತಾನೆ. ಅಪ್ಪನ ಒಂದು ಕೆನ್ನೆಯ ಮೇಲೆ ಗರಗಸದ ಹಲ್ಲಿನಂಥ ಗೆರೆಗಳ ಸಾಲು. ತಲೆಯಡಿಗೆ ಗೋಣಿಚೀಲ ಇಟ್ಟುಕೊಂಡಿದ್ದನೋ ಏನೋ. "ಬಂದ್ಯಾ," ಎನ್ನುತ್ತಾನೆ. ಅಷ್ಟೇ. ಅದರ ಮುಂದೆ ಇಲ್ಲ, ಅದರ ಹಿಂದೆಯೂ ಇಲ್ಲ.

ಗಾಡಿ ಎಂಟಡಿಯದ್ದಾಗಿದ್ದರೆ ಅಪ್ಪನ ತಲೆಯಾಚೆ ಖಾಲಿ ಜಾಗ ಉಳಿಯಬೇಕಿತ್ತು. ಅವನ ಮಧ್ಯಾಹ್ನದಲ್ಲಿ ಖಾಲಿ ಜಾಗವೇ ಇರಲಿಲ್ಲ. ಹಾಗಾದರೆ ಅದು ಯಾರ ಮಧ್ಯಾಹ್ನ? ಅಮ್ಮ ಯಾವಾಗಲೋ ಹೇಳಿದ ಮಾತು, ಪಕ್ಕದ ಮನೆಯ ಯಾರದೋ ಅಪ್ಪ, ಯಾವುದೋ ಕನಸು, ಇವನ್ನೆಲ್ಲ ಸೇರಿಸಿ ತಾನೇ ಹೊಲಿದುಕೊಂಡದ್ದೇ? ಉದ್ದ ಬಾಡಿಯೇ ನಿಜವಾದರೆ ಅಣ್ಣ ಒಂದು ವಾದ ಗೆಲ್ಲುತ್ತಾನೆ, ಅಷ್ಟೇ. ತನಗೆ ಅಪ್ಪನೇ ಇರಲಿಲ್ಲ ಎಂದಾಗುತ್ತದೆ. ಕೆಲವು ಬೆಳಗಿನ ಜಾವ ಅವನ ಕನಸಿನಲ್ಲಿ ಬಾಡಿ ಉದ್ದವಾಗುತ್ತಾ ಹೋಗುತ್ತಿತ್ತು. ಅದರೊಳಗೆ ಗೋಡೆಗಳಿಲ್ಲದ ಬಾಗಿಲುಗಳು ಸಾಲಾಗಿ ನಿಂತಿರುತ್ತಿದ್ದವು. ಒಂದೊಂದನ್ನೇ ತೆರೆದುಕೊಂಡು ಅವನು ನಡೆಯುತ್ತಿದ್ದ. ಕೊನೆಯ ಬಾಗಿಲಿನಾಚೆ ಯಾರೋ ಮಲಗಿದ್ದಾರೆ ಎಂದು ತಿಳಿಯುತ್ತಿತ್ತು, ಆದರೆ ಬಾಗಿಲುಗಳು ಮುಗಿಯುತ್ತಿರಲಿಲ್ಲ.

ಅಣ್ಣನಿಗೆ ಬಾಡಿಗಿಂತ ಹೆಚ್ಚಾಗಿ ಬೇಕಿದ್ದದ್ದು ಒಂದು ಹಲ್ಲುಚಕ್ರ.

ಆ ಎಂಜಿನ್ನಿನ ಮುಂಭಾಗದ ಮುಚ್ಚಳದ ಹಿಂದೆ ಊಟದ ತಟ್ಟೆಗಿಂತ ಕೊಂಚ ಚಿಕ್ಕದಾದ ಒಂದು ಚಕ್ರ ತಿರುಗುತ್ತದೆ. ಕ್ಯಾಮ್ ಗೇರ್ ಎನ್ನುತ್ತಾರೆ. ಮೊದಮೊದಲು ಅದನ್ನು ಕಬ್ಬಿಣದಲ್ಲಿ ಮಾಡುತ್ತಿರಲಿಲ್ಲ. ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಅದ್ದಿ, ಒತ್ತಿ, ಕಲ್ಲಿನಷ್ಟು ಗಟ್ಟಿಮಾಡಿ, ಅದರಲ್ಲಿ ಹಲ್ಲು ಕೊಯ್ಯುತ್ತಿದ್ದರು. ಎಂಜಿನ್ ಸದ್ದು ಮಾಡದಿರಲಿ ಎಂದು. ಆದರೆ ಎಷ್ಟೆಂದರೂ ಬಟ್ಟೆ. ವರ್ಷ ಕಳೆದ ಹಾಗೆ ಹಲ್ಲು ಉದುರುತ್ತಿತ್ತು, ಜನ ಅದನ್ನು ಕಿತ್ತೆಸೆದು ಕಬ್ಬಿಣದ್ದು ಹಾಕಿಸುತ್ತಿದ್ದರು. ಈಗ ಕಬ್ಬಿಣದ್ದು ಎಲ್ಲೆಂದರಲ್ಲಿ ಸಿಗುತ್ತದೆ. ಬಟ್ಟೆಯದು ಕೇಳಿದರೆ ಬಿಡಿಭಾಗದ ಅಂಗಡಿಯವರು, "ಹುಲಿ ಹಾಲು ಬೇಕಾದ್ರೆ ಕೇಳಿ, ತರಿಸ್ಕೊಡ್ತೀವಿ," ಎನ್ನುತ್ತಿದ್ದರು.

"ಕಬ್ಬಿಣಕ್ಕೆ ಕಬ್ಬಿಣ ಸಿಕ್ಕಿದ್ರೆ ಅತ್ತೆ ಸೊಸೆ ಇದ್ದ ಹಾಗೆ," ಎಂದು ಅಣ್ಣ ವಿವರಿಸುತ್ತಿದ್ದ. "ಇಡೀ ದಿನ ಕುಂಯ್ ಕುಂಯ್. ಬಟ್ಟೆಗೆ ಕಬ್ಬಿಣ ಸಿಕ್ಕಿದ್ರೆ ಒಂದು ಮಾತಿಲ್ಲ."

"ಅತ್ತೆ ಇಲ್ಲೇ ಕೂತಿದ್ದಾರೆ," ಎನ್ನುತ್ತಿದ್ದಳು ಅತ್ತಿಗೆ.

"ನಾನು ಬಟ್ಟೆ ಕಣೇ," ಎನ್ನುತ್ತಿದ್ದಳು ಅಮ್ಮ.

ನಗುವಿನ ಅಡಿಯಲ್ಲಿ ಏನಿತ್ತು ಎಂದು ತಮ್ಮನಿಗೆ ಗೊತ್ತಿತ್ತು. ಅಣ್ಣ ಒಮ್ಮೆ ಮಾತ್ರ ಹೇಳಿದ್ದ, ಸ್ಪ್ಯಾನರ್ ಒರೆಸುತ್ತಾ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ. ಲೋಡ್ ಇಳಿಸುವಾಗ ಅಪ್ಪ ಎಂಜಿನ್ ಆರಿಸುತ್ತಿರಲಿಲ್ಲವಂತೆ. ಮುಂದಿನ ಸೀಟಿನಲ್ಲಿ ಕೂತ ಅಣ್ಣನ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, "ಕೇಳಿಸ್ತಾ?" ಎನ್ನುತ್ತಿದ್ದನಂತೆ. "ಇಲ್ಲ" ಎಂದರೆ, "ಅದೇ. ಕೈಗೆ ಗೊತ್ತಾಗಬೇಕು, ಕಿವಿಗೆ ಗೊತ್ತಾಗಬಾರದು." ಅಪ್ಪ ತನಗೆ ಕೊಟ್ಟು ಹೋದ ಆಸ್ತಿ ಅಷ್ಟೇ, ಅದರ ಮೇಲೇ ಶೆಡ್ಡು ಹಾಕಿದೆ ಎಂದಿದ್ದ ಅಣ್ಣ. ಆಮೇಲೆ ಸ್ಪ್ಯಾನರ್ ಡಬ್ಬಿಗೆ ಎಸೆದಿದ್ದ.

ಊರಾಚೆಯ ದೊಡ್ಡ ಗುಜರಿಯನ್ನು ನೋಡಿಕೊಳ್ಳುತ್ತಿದ್ದ ಮುದುಕನಿಗೆ ಬೀಗದಜ್ಜ ಎಂದೇ ಹೆಸರು. ಅವನ ಸೊಂಟದಲ್ಲಿ ಮುಷ್ಟಿಗಿಂತ ದಪ್ಪ ಕೀಗೊಂಚಲು. ಕರಗಿಹೋದ ಗಾಡಿಗಳ ಕೀಗಳೆಲ್ಲ ಅದರಲ್ಲಿದ್ದವು. ನಡೆದರೆ ಸಣ್ಣ ಗೆಜ್ಜೆಯ ಸದ್ದು. ಆ ಮಾದರಿಯ ಎರಡು ಪಿಕಪ್ ಬಂದಿವೆ ಎಂದು ಅವನೇ ಹೇಳಿಕಳಿಸಿದ್ದ.

ಎದೆಮಟ್ಟದ ಹುಲ್ಲಿನಲ್ಲಿ ಗಾಡಿಗಳು ಮಲಗಿದ ದನಗಳ ಹಾಗೆ ಬೆನ್ನು ಮಾತ್ರ ತೋರಿಸುತ್ತಿದ್ದವು. ಒಡೆದ ಗಾಜಿನ ಮೇಲೆ ಮೋಡ ಹೋಗುತ್ತಿತ್ತು. ಎರಡು ಪಿಕಪ್ಪುಗಳೂ ಅಕ್ಕಪಕ್ಕ ನಿಂತಿದ್ದವು, ಒಂದೇ ಮುಖ, ಒಂದೇ ದುಂಡು ಕಣ್ಣು. ಒಂದು ಉದ್ದ. ಒಂದು ಮೋಟು.

"ಈ ಉದ್ದದ್ದು ಇನ್ನೂ ಉಸಿರಾಡುತ್ತೆ," ಎಂದ ಬೀಗದಜ್ಜ. ಬ್ಯಾಟರಿ ಜೋಡಿಸಿ, ಗೊಂಚಲಿನಿಂದ ನೋಡದೆಯೇ ಒಂದು ಕೀ ಆರಿಸಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹಿಡಿದುಕೊಂಡಿತು, ಹಿಡಿದುಕೊಂಡ ಮೇಲೆ ಸುಮ್ಮನಾಯಿತು. ಆರಿಹೋಯಿತೇ ಎಂದು ತಮ್ಮ ಬಗ್ಗಿ ನೋಡಿದ. ಫ್ಯಾನು ತಿರುಗುತ್ತಿತ್ತು. ಹುಲ್ಲಿನ ತುದಿ ನಡುಗುತ್ತಿತ್ತು. ಎಲ್ಲೋ ಆಳದಲ್ಲಿ ಗುಂ ಎನ್ನುವುದೊಂದೇ, ಕುಂಯ್ ಎನ್ನುವುದಿಲ್ಲ.

ಅಣ್ಣ ಕಿಟಕಿಯೊಳಗೆ ಕೈಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟ, ಕಣ್ಣು ಮುಚ್ಚಿದ. ಅಣ್ಣನ ಮುಖದಲ್ಲಿ ಅಷ್ಟು ಮಾತಿಲ್ಲದ್ದನ್ನು ತಮ್ಮ ಎಂದೂ ನೋಡಿರಲಿಲ್ಲ.

"ಬಟ್ಟೆ ಗೇರು," ಎಂದ ಅಣ್ಣ, ಕಣ್ಣು ಬಿಟ್ಟು. "ಅಜ್ಜ, ಅದೊಂದು ಬಿಚ್ಚಿಕೊಡ್ತೀರಾ?"

"ತಿರುಗೋ ಎಂಜಿನ್ನಿನ ಹೊಟ್ಟೆ ನಾನು ಬಗೆಯಲ್ಲ. ಅದು ನಮ್ಮ ಕಡೆ ಕಟ್ಟುಪಾಡು," ಎಂದ ಬೀಗದಜ್ಜ. "ಸತ್ತಿದ್ರೆ ಮೂಳೆ ಮೂಳೆ ಕೊಡ್ತೀನಿ. ಉಸಿರಿದ್ರೆ ಇಡಿಯಾಗಿ ತಗೊಂಡು ಹೋಗಿ. ತಗೊಂಡ ಮೇಲೆ ಕತ್ತರಿಸಲ್ಲ, ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕಲ್ಲ ಅಂತ ಮಾತು ಕೊಟ್ಟು ಹೋಗಿ."

"ಮಾತು ಕೊಟ್ಟು ತಪ್ಪಿದ್ರೆ?"

"ನಾನೇನೂ ಮಾಡಲ್ಲಪ್ಪ. ನೀನು ಮುಂದೆ ಇನ್ನೊಂದು ಬಿಡಿಭಾಗ ಕೇಳ್ಕೊಂಡು ಬರ್ತೀಯಲ್ಲ, ಆವಾಗ ನನಗೆ ಕಿವಿ ಕೇಳಿಸಲ್ಲ." ಆಮೇಲೆ ಸೇರಿಸಿದ, "ಸಸಿ ಮಾರೋರು ಒಬ್ರು ಉದ್ದದ್ದು ನೋಡಿ ಹೋಗಿದ್ದಾರೆ. ಇವತ್ತು ನೀವು ಬಿಟ್ರೆ ಅವರದು."

ಮೋಟು ಗಾಡಿಯ ಎಂಜಿನ್ ಬಿಗಿದುಹೋಗಿತ್ತು. ಮುಂದಿನ ಮುಚ್ಚಳ ತೆಗೆದು ನೋಡಿದರೆ, ಬಟ್ಟೆಯ ಗೇರಿನ ಹಲ್ಲುಗಳು ನೆನೆದ ರೊಟ್ಟಿಯ ಹಾಗೆ ಉದುರಿ ಎಣ್ಣೆಯಲ್ಲಿ ಸೇರಿದ್ದವು. ಮತ್ತೆಲ್ಲ ರಿಪೇರಿಯಾಗುತ್ತದೆ, ಗೇರು ಮಾತ್ರ ಕಬ್ಬಿಣದ್ದೇ ಹಾಕಬೇಕು, ಎಂದ ಅಣ್ಣ. ಹೇಳಿ ಉದ್ದ ಗಾಡಿಯ ಕಡೆ ನೋಡಿದ.

ಈಗ ಹೇಳಬೇಕಿತ್ತು. ಅಣ್ಣ, ಉದ್ದದ್ದೇ ತಗೋ ಎನ್ನುವ ಒಂದು ಸಾಲು. ಅದು ತಮ್ಮನ ಗಂಟಲಿನವರೆಗೆ ಬಂದು, ಅಲ್ಲಿ ಆ ಮಧ್ಯಾಹ್ನವನ್ನು ಕಂಡು, ದಾರಿ ಬಿಟ್ಟು ನಿಂತಿತು. ಅವನು ಮೋಟು ಗಾಡಿಯ ಹಿಂಬಾಗಿಲಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಾ ನಿಂತ.

"ಸರಿ, ಇವತ್ತು ತೀರ್ಮಾನ ಆಗಿಬಿಡ್ಲಿ," ಎಂದ ಅಣ್ಣ. ಚಪ್ಪಲಿ ಬಿಟ್ಟು ಮೋಟು ಬಾಡಿಗೆ ಹತ್ತಿದ. "ನಾನು ಅಪ್ಪನ ಎತ್ತರ, ಹೌದಾ? ಅಡುಗೆಮನೆ ಬಾಗಿಲಿಗೆ ಅವರ ಹಣೆ ತಾಗ್ತಿದ್ದ ಕಡೇನೇ ನಂದೂ ತಾಗುತ್ತೆ, ಅಮ್ಮನೇ ತೋರಿಸಿದ್ದಾಳೆ." ತುಕ್ಕುಹಿಡಿದ ತಗಡಿನ ಮೇಲೆ ಅಂಗಾತ ಮಲಗಿದ.

ತಲೆ ಮುಂದಿನ ತಗಡಿಗೆ ತಾಗಿತು. ಪಾದಗಳು ಹಿಂಬಾಗಿಲಿಗೆ ತಾಗಿದವು. ಒಂದು ಬೆರಳಿನಷ್ಟೂ ಜಾಗ ಉಳಿಯಲಿಲ್ಲ.

ತಮ್ಮ ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಇಣುಕಿದ. ತಾನು ಹತ್ತಿದ್ದು ಅವನಿಗೆ ಆಮೇಲೆ ತಿಳಿಯಿತು. ಬಿಸಿಲು ಪಾದದ ಮೇಲಿತ್ತು. ಅಣ್ಣನ ನರೆತ ಕೂದಲಿನಲ್ಲಿ ತುಕ್ಕಿನ ಪುಡಿ ಹೊಳೆಯುತ್ತಿತ್ತು. ಗುಜರಿಯ ಗಾಳಿ ನಿಂತಿತು. ಅವನ ಬೆರಳು ತಾನಾಗಿಯೇ ಮುಂದೆ ಹೋಗಿ ಆ ಪಾದವನ್ನು ಮುಟ್ಟಿತು.

ಅಣ್ಣ ಕಣ್ಣು ಬಿಟ್ಟ. ತಮ್ಮನ ಮುಖ ನೋಡಿದ. ಏನು ಕಂಡನೋ, ಏನೂ ತಮಾಷೆ ಮಾಡಲಿಲ್ಲ. ಎದ್ದು ಕೂತು ಬೆನ್ನು ಕೊಡವಿಕೊಂಡ.

"ಅಜ್ಜ, ಈ ಮೋಟುನೇ ಕೊಡಿ."

ವಾಪಸು ಬರುವಾಗ, ಎಳೆದು ತರುತ್ತಿದ್ದ ಲಾರಿಯಲ್ಲಿ ಕೂತು, ಅಣ್ಣ ಅದರ ಬಗ್ಗೆ ಒಂದೇ ಸಲ ಮಾತಾಡಿದ. "ಸದ್ದು ಅಂದ್ರೆ ಗಾಳಿ ಕಣೋ. ಇವತ್ತು ಇರುತ್ತೆ, ನಾಳೆ ಇರಲ್ಲ. ಉದ್ದ ಅಂದ್ರೆ ಹಾಗಲ್ಲ. ಅಳೆದ್ರೆ ಸಿಗುತ್ತೆ." ಆಮೇಲೆ ದಾರಿಯುದ್ದಕ್ಕೂ ಲಾರಿಯ ಡ್ರೈವರ್ ಜೊತೆ ಬೇರೇನೋ ಹರಟಿದ.

ಮಳೆಗಾಲ ಕಳೆದು ಚಳಿ ಬರುವವರೆಗೂ ಕೆಲಸ ನಡೆಯಿತು. ಬೇರೆಯವರ ಗಾಡಿಗಳ ಮಧ್ಯೆ ಸಿಕ್ಕ ಹೊತ್ತಿನಲ್ಲಿ ಅಣ್ಣ ಎಂಜಿನ್ ಬಿಚ್ಚಿ ಜೋಡಿಸಿದ. ಕಬ್ಬಿಣದ ಗೇರು ಹಾಕಿದ ದಿನ ಅವನು ಅದರ ಹಲ್ಲುಗಳನ್ನು ಸಣ್ಣ ಅರದಿಂದ ಒಂದೊಂದಾಗಿ ನಯ ಮಾಡಿದ. ಬೇಕಾಗಿರಲಿಲ್ಲ, ಆದರೂ ಮಾಡಿದ. ಮೊದಲ ಸಲ ಎಂಜಿನ್ ಹತ್ತಿಕೊಂಡಾಗ ಶೆಡ್ಡಿನ ಮೂಲೆಯಲ್ಲಿದ್ದ ತಮ್ಮನಿಗೂ ಕೇಳಿಸಿತು, ಸಣ್ಣಗೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಹಾಗೆ, ಕುಂಯ್. ಅಣ್ಣ ಬಾನೆಟ್ ಮುಚ್ಚಿ, "ಅತ್ತೆ ಸೊಸೆ ಶುರು ಮಾಡ್ಕೊಂಡ್ರು," ಎಂದ. ಡ್ಯಾಶ್‌ಬೋರ್ಡಿನ ಮೇಲೆ ಕೈಯಿಡಲಿಲ್ಲ.

ತಮ್ಮ ಬಾಡಿ ಕಟ್ಟಿದ. ಕೊಳೆತ ನೆಲ ಕತ್ತರಿಸಿ ತೆಗೆದು, ಹೊಸ ತಗಡಿಗೆ ಹಳೆಯದರ ಹಾಗೆಯೇ ಉದ್ದುದ್ದ ಉಬ್ಬುಗೆರೆ ಎಬ್ಬಿಸಿದ. ಮುಂದಿನ ಗೋಡೆಯ ಹತ್ತಿರ ಎರಡು ಮೊಳದಷ್ಟು ನೆಲ ಮಾತ್ರ ಗಟ್ಟಿಯಾಗಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡ. ಅದರ ನಡುವೆ ಹೆಬ್ಬೆರಳು ತೂರುವಷ್ಟು ಒಂದು ತೂತಿತ್ತು. ತುಕ್ಕು ತಿಂದದ್ದೆಂದು ಒಂದು ಬಿಲ್ಲೆ ಇಟ್ಟು ಹಿತ್ತಾಳೆ ಕರಗಿಸಿ ಬೆಸೆದು, ಉಜ್ಜಿ, ಅಲ್ಲಿ ತೂತಿತ್ತು ಎಂಬುದೇ ಬೆರಳಿಗೆ ತಿಳಿಯದ ಹಾಗೆ ಮಾಡಿದ. ಇಂಥ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಣ್ಣ ಒಣಗಿದ ಮೇಲೆ, ಸಂಜೆ ಬಾಗಿಲು ಹಾಕುವ ಮುಂಚೆ, ಅವನು ಆ ಹಸಿರಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅದರೊಳಗೆ ಒಬ್ಬ ಮನುಷ್ಯನಷ್ಟೇ ಜಾಗ. ಅವನಿಗೆ ಬಾಗಿಲುಗಳ ಕನಸು ನಿಂತುಹೋಗಿತ್ತು.

ಅಮ್ಮನನ್ನು ಕೂರಿಸಿಕೊಂಡು ಹೋಗುವ ದಿನ ಅಣ್ಣ ಅವಳನ್ನು ಕರೆತರಲು ಮನೆಗೆ ಹೋಗಿದ್ದ. ಅಷ್ಟರಲ್ಲಿ ಶೆಡ್ಡಿನ ಮುಂದೆ ಗೆಜ್ಜೆಯ ಸದ್ದಾಯಿತು. ಬೀಗದಜ್ಜ ಕೈಗಾಡಿಯಲ್ಲಿ ಒಂದು ಚಕ್ರ ಹೇರಿಕೊಂಡು ಬಂದಿದ್ದ, ಟೈರು ಸಮೇತ.

"ಸ್ಟೆಪ್ನಿ. ಆ ಉದ್ದದ್ದರ ಜೊತೆ ಇತ್ತು. ಸಸಿಯವರಿಗೆ ಜಾಗ ಸಾಲದಂತೆ, ಬೇಡ ಅಂತ ಬಿಟ್ಟು ಹೋದ್ರು. ಅವರೇ ಬಿಟ್ಟಿದ್ದು, ನಾನು ಬಿಚ್ಚಿದ್ದಲ್ಲ," ಎಂದು ತನ್ನ ಕಟ್ಟುಪಾಡಿಗೆ ಚ್ಯುತಿಯಿಲ್ಲವೆಂದು ಖಾತ್ರಿ ಮಾಡಿದ. "ನಿಮ್ಮಲ್ಲಿ ಸ್ಟೆಪ್ನಿ ಇರಲಿಲ್ವಲ್ಲ."

ಇಬ್ಬರೂ ಅದನ್ನು ಎತ್ತಿ ಬಾಡಿಯೊಳಗೆ ಹಾಕಿದರು. ಬೀಗದಜ್ಜ ಜೇಬಿನಿಂದ ಉದ್ದನೆಯ ಬೋಲ್ಟೊಂದನ್ನು ತೆಗೆದು, ಮುಂದಿನ ಗೋಡೆಯ ಹತ್ತಿರ ನೆಲವನ್ನು ಸವರಿದ. ಮತ್ತೆ ಸವರಿದ.

"ಇಲ್ಲೊಂದು ತೂತು ಇರಬೇಕಲ್ಲಪ್ಪ."

"ಮುಚ್ಚಿದೆ. ತುಕ್ಕು ಅಂದ್ಕೊಂಡೆ."

"ಕಂಪನಿ ತೂತು ಅದು. ಸ್ಟೆಪ್ನೀನ ಮಲಗಿಸಿ, ಮಧ್ಯದಲ್ಲಿ ಬೋಲ್ಟು ತೂರಿಸಿ ಬಿಗಿಯೋಕೆ." ಬೀಗದಜ್ಜ ನಕ್ಕ. "ಚೆನ್ನಾಗಿ ಮುಚ್ಚಿದ್ದೀಯ ಬಿಡು, ನನಗೇ ಸಿಗಲಿಲ್ಲ. ಮೋಟು ಗಾಡಿಯೋರು ಜಾಗ ಹೋಗುತ್ತೆ ಅಂತ ಸ್ಟೆಪ್ನೀನ ಅಡೀಲಿ ನೇತುಹಾಕ್ತಿದ್ರು. ಉದ್ದ ಗಾಡಿಯೋರು ಮಾತ್ರ ಇಲ್ಲೇ ಇಡ್ತಿದ್ರು. ಡ್ರೈವರ್‌ಗಳಿಗೆ ಮಧ್ಯಾಹ್ನ ಅದೇ ದಿಂಬು."

ಅವನು ಹೋದ. ಗೆಜ್ಜೆಯ ಸದ್ದು ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು.

ತಮ್ಮ ಬಾಡಿಯೊಳಗೆ ನಿಂತೇ ಇದ್ದ. ಸ್ಟೆಪ್ನಿ ಮುಂದಿನ ಗೋಡೆಗೆ ಒತ್ತಿಕೊಂಡು ಮಲಗಿತ್ತು, ಕಪ್ಪಗೆ, ದಪ್ಪಗೆ. ಅವನು ಮೆಲ್ಲಗೆ ಕೂತ, ಆಮೇಲೆ ಮಲಗಿದ, ತಲೆಯನ್ನು ಟೈರಿನ ಅಂಚಿನ ಮೇಲಿಟ್ಟು ಒಂದು ಮಗ್ಗುಲಾದ. ರಬ್ಬರು ಕಿವಿಯವರೆಗೂ ಬಂತು. ಹಿಂಬಾಗಿಲು ಇಳಿಸಿದ್ದರಿಂದ ಕಾಲುಗಳು ಬಾಡಿಯನ್ನು ದಾಟಿ ಹೊರಗೆ ಚಾಚಿದವು. ಅಲ್ಲಿ, ಪಾದದಾಚೆ, ಗಾಳಿಯಲ್ಲಿ, ಇನ್ನೊಂದು ಹಿಂಬಾಗಿಲು ಇರಬೇಕಾಗಿತ್ತು. ಒಬ್ಬ ಮನುಷ್ಯ, ಒಂದು ಚಕ್ರ. ಎಂಟಡಿ.

ಎಷ್ಟು ಹೊತ್ತು ಮಲಗಿದ್ದನೋ. ತಗಡಿನ ಚಾವಣಿಯ ತೂತುಗಳಿಂದ ಬಿಸಿಲಿನ ಬೊಟ್ಟುಗಳು ಬಿದ್ದು ಎದೆಯ ಮೇಲೆ ಅಲುಗುತ್ತಿದ್ದವು. ಅವನ ಮಧ್ಯಾಹ್ನ ಎಲ್ಲಿಗೂ ಹೋಗಿರಲಿಲ್ಲ. ಅದು ಮೊದಲಿಗಿಂತ ಸ್ಪಷ್ಟವಾಗಿತ್ತು: ನೆರಳೆಂದುಕೊಂಡದ್ದು ನೆರಳಾಗಿರಲಿಲ್ಲ, ಅಷ್ಟೇ. ಅಪ್ಪ ನಿಜವಾಗಿ ಮಲಗಿದ್ದ. ಪಾದ ನಿಜವಾಗಿ ತಾಗಿತ್ತು. ಅಣ್ಣ ಹೇಳಿದ ಉದ್ದವೂ ಅಷ್ಟೇ ನಿಜವಾಗಿತ್ತು. ಹುಲ್ಲಿನ ನಡುವೆ ಉಸಿರಾಡುತ್ತಿದ್ದ ಆ ಗಾಡಿಯಲ್ಲಿ ಇಬ್ಬರೂ ಇದ್ದರು, ಅವನ ಅಪ್ಪನೂ, ಅಣ್ಣನ ಅಪ್ಪನೂ. ಈಗ ಅದು ಎಲ್ಲೋ ಸಸಿಗಳನ್ನು ಹೇರಿಕೊಂಡು ಸದ್ದಿಲ್ಲದೆ ಹೋಗುತ್ತಿರಬೇಕು.

ಆಟೋ ನಿಂತ ಸದ್ದಾಯಿತು. ಅವನು ಎದ್ದು ಇಳಿದ.

"ಏನೋ, ಈಗಲೇ ಮಲಗಿ ಉದ್ಘಾಟನೆ ಮಾಡ್ಬಿಟ್ಯಾ?" ಎನ್ನುತ್ತಾ ಅಣ್ಣ ಅಮ್ಮನನ್ನು ಕೈಹಿಡಿದು ಕರೆತಂದ. ಸ್ಟೆಪ್ನಿ ನೋಡಿ, "ಓ, ಅಜ್ಜ ಬಂದಿದ್ರಾ? ಅದನ್ನ ಅಡಿಗೆ ಹಾಕೋಣ, ಮೇಲೆ ಇಟ್ರೆ ನಿನ್ನ ಅಳತೆ ಕೆಡುತ್ತೆ," ಎಂದು ನಗುತ್ತಾ, ಬಾನೆಟ್ ಎತ್ತಿ ನೀರು ನೋಡಲು ಬಗ್ಗಿದ.

ಅಮ್ಮ ಗಾಡಿಯನ್ನು ಸುತ್ತು ಬರಲಿಲ್ಲ. ಮುಂದಿನ ಬಾಗಿಲಿನ ಹತ್ತಿರ ನಿಂತು ಹಿಡಿಯನ್ನು ಸವರಿದಳು. ಆಮೇಲೆ ಚಿಕ್ಕ ಮಗನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ಸೆರಗಿನಿಂದ ಅವನ ಕೆನ್ನೆ ಒರೆಸಿದಳು. ಮತ್ತೆ ಒರೆಸಿದಳು.

"ಏನಿದು, ಹೋಗ್ತಾನೇ ಇಲ್ಲ. ಗರಗಸ ಎಳೆದ ಹಾಗಿದೆ." ಅವಳ ಕೈ ನಿಂತಿತು. "ನಿಮ್ಮಪ್ಪನೂ ಹೀಗೇ ಬರ್ತಿದ್ರು ಕಣೋ, ಮಧ್ಯಾಹ್ನದ ಹೊತ್ತು. ನಾನು ಒರೆಸ್ತಿದ್ದೆ. ಅವರು ನಗ್ತಿದ್ರು."

"ಏನಮ್ಮಾ?" ಎಂದ ಅಣ್ಣ, ಬಾನೆಟ್ಟಿನೊಳಗಿಂದ.

ಅಮ್ಮ ಚಿಕ್ಕ ಮಗನನ್ನು ನೋಡಿದಳು. ಅವನು ತಲೆಯಾಡಿಸಿದನೋ, ಅವಳಿಗೇ ಹೇಳುವುದು ಬೇಡವೆನಿಸಿತೋ. "ಏನಿಲ್ಲಪ್ಪ. ಮುಖ ತೊಳ್ಕೊಂಡಿಲ್ಲ ಇವನು."

"ಅವನು ಯಾವತ್ತು ತೊಳ್ಕೊಂಡಿದ್ದ?"

ಅಮ್ಮ ಮುಂದೆ ಕೂತಳು, ಅಣ್ಣನ ಪಕ್ಕ, ಹಿಂದಕ್ಕೆ ತಿರುಗದೆ. ತಮ್ಮ ಹಿಂದೆ ಹತ್ತಿದ. ಗಾಡಿ ಶೆಡ್ಡಿನಿಂದ ಬಿಸಿಲಿಗೆ ಇಳಿದು, ಅಂಗಡಿಗಳ ಸಾಲನ್ನು ದಾಟಿ, ಎರಡೂ ಕಡೆ ಬೇಲಿಯಿದ್ದ ರಸ್ತೆಗೆ ಬಂತು. ಕಬ್ಬಿಣದ ಗೇರು ಸಣ್ಣಗೆ ಹಾಡುತ್ತಿತ್ತು. ದಾರಿ ಹಿಂದಿನಿಂದ ಹೊರಟು ದೂರಕ್ಕೆ ಕರಗುತ್ತಿತ್ತು; ರಸ್ತೆಯೇ ಗಾಡಿಯ ಉಳಿದ ಉದ್ದವೇನೋ ಎಂಬಂತೆ. ಅಮ್ಮ ಏನೋ ಹೇಳಿ ನಕ್ಕದ್ದು ಗಾಜಿನಾಚೆ ಕಂಡಿತು. ಅಣ್ಣ ಒಂದು ಕೈಯನ್ನು ಸ್ಟೀರಿಂಗಿನಿಂದ ತೆಗೆದು, ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸ್ವಲ್ಪ ಹೊತ್ತು ಇಟ್ಟು, ತೆಗೆದುಬಿಟ್ಟ.

ಆಮೇಲೆ ಹಿಂದಿನ ಗಾಜು ಸರಿಸಿ, ತಿರುಗದೆಯೇ ಕೂಗಿ ಕೇಳಿದ, "ಸರಿಯಾಯ್ತೇನೋ ಉದ್ದ? ಅಪ್ಪ ಹಿಡೀತಾರಾ?"

"ಹಿಡೀತಾರೆ," ಎಂದ ತಮ್ಮ.

"ಮತ್ತೆ ಅದನ್ನೇ ಹೇಳ್ತಿದ್ದೆ ನಾನು," ಎಂದ ಅಣ್ಣ, ಎಂದೂ ಹೇಳದಿದ್ದ ಅಣ್ಣ, ಮತ್ತು ಗಾಜು ಮುಚ್ಚಿದ.

ಎಷ್ಟೋ ವರ್ಷ ಆ ಗಾಡಿ ಅವರ ಹತ್ತಿರ ಇತ್ತು. ಅಪ್ಪನ ಗಾಡಿ ಉದ್ದ ಬಾಡಿಯದ್ದಾಗಿತ್ತು ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.